ನನ್ನ ಹತ್ತಿರ ಬರದ ಮಗುವೇ ಇಲ್ಲ

ಮಕ್ಕಳ ಜೊತೆ ಕೆಲಸ ಮಾಡುವವರ ಮರ್ಯಾದೆ ಬಾಡಿಗೆ ಮನೆ ಇದ್ದ ಹಾಗೆ. ಯಾವತ್ತು ಖಾಲಿ ಮಾಡಿಸುತ್ತಾರೋ ಹೇಳುವಂತಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗಿನ ಒಂದು ದಾಗಿಸ್‌ನಲ್ಲಿ, ಅಂದರೆ ನಮ್ಮ ಕಡೆ ಶಿಶುವಿಹಾರ ಅನ್ನುತ್ತೇವಲ್ಲ ಅಂಥ ಜಾಗದಲ್ಲಿ, ನಾನು ಟೀಚರ್. ಮೊದಲ ದಿನ ಅಮ್ಮನ ಕೋಟು ಬಿಡದೆ ರಂಪ ಮಾಡುವ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುವುದೇ ನನ್ನ ಕಸುಬು. ಒಮ್ಮೆ ಹಾಗೆ ಅಳು ನಿಲ್ಲಿಸಿದ ಒಬ್ಬಳು, ತಂದೆತಾಯಿಯರೆಲ್ಲ ನಿಂತಿರುವಾಗಲೇ ನನ್ನ ಕೆನ್ನೆ ಸವರಿ, "ನೀನು ನಮ್ಮಜ್ಜಿಗಿಂತ ದೊಡ್ಡವಳಾ?" ಎಂದು ಕೇಳಿದ್ದಳು. ಇಂಥವು ನನಗೆ ಆಗುತ್ತಲೇ ಇರುತ್ತವೆ, ನಾನು ತಲೆ ಕೆಡಿಸಿಕೊಳ್ಳುವವಳಲ್ಲ. ಆದರೆ ಎರಡನೇ ಮಗಳನ್ನು ದತ್ತು ತರಲು ಚೀನಾಕ್ಕೆ ಹೋಗಿದ್ದಾಗ, ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆಯೊಳಗೆ ನನ್ನ ಕಸುಬಿನ ಮಾನವೆಲ್ಲ ಒಟ್ಟಿಗೇ ಹೋಯಿತು. ಅದನ್ನು ಹೇಳುತ್ತೇನೆ.

ಕೊಮ್ಮೂನಿನ ಮೇಡಂ

ಹೋಗುವುದಕ್ಕೆ ಮುಂಚಿನ ಮಾತೊಂದಿದೆ. ಸ್ವೀಡನ್ನಿನಲ್ಲಿ ದತ್ತು ಬೇಕು ಅಂದರೆ ಕೊಮ್ಮೂನಿನವರು, ಅಂದರೆ ಊರಿನ ಆಡಳಿತದವರು, ಮನೆಗೆ ಬಂದು ಗಂಡ ಹೆಂಡತಿಯನ್ನು ಕೂರಿಸಿಕೊಂಡು ವಿಚಾರಿಸುತ್ತಾರೆ. ನಮ್ಮ ಮನೆಗೆ ಬಂದ ಮೇಡಂ ಬಹಳ ಮೃದು. ಫೀಕಾ ಅಂದರೆ ಅವರಿಗೆ ಒಂದು ಕಾಫಿ, ಒಂದು ಬನ್ನು. ನಾನು ಉಪ್ಪಿಟ್ಟು, ಕೇಸರಿಬಾತು, ಕೋಡುಬಳೆ ಎಲ್ಲ ಇಟ್ಟಿದ್ದೆ. ಆಕೆ ಕೋಡುಬಳೆಯನ್ನು ಸದ್ದಾಗದಂತೆ ತಿನ್ನಲು ಒದ್ದಾಡುತ್ತಲೇ ಕೇಳಿದರು, "ಮಗು ನಿಮ್ಮ ಹತ್ತಿರ ಬರಲೇ ಇಲ್ಲ ಅಂತಿಟ್ಟುಕೊಳ್ಳಿ. ಆಗ ಏನು ಮಾಡ್ತೀರಿ?"

ನನಗೆ ನಗು ಬಂತು. "ನನ್ನ ಹತ್ತಿರ ಬರದ ಮಗುವೇ ಇಲ್ಲ," ಅಂದೆ. ನಮ್ಮ ಇಡೀ ಬಡಾವಣೆಯ ಮಕ್ಕಳ ಹೆಸರು ಹೇಳಿ, ಯಾರ್‍ಯಾರು ಹೇಗೆ ಬಂದರು ಎಂದು ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, ಅಷ್ಟು ಹೊತ್ತೂ ಬಾಯಿ ಬಿಡದೆ ಕೂತಿದ್ದ ನನ್ನ ಗಂಡನ ಕಡೆ ತಿರುಗಿದರು. "ನಿಮಗೆ ಏನಾದ್ರೂ ಆತಂಕ ಇದೆಯಾ?"

"ಇದೆ," ಅಂದರು ನಮ್ಮವರು. "ಅವಳಿಗೆ ಸ್ವಲ್ಪನೂ ಇಲ್ವಲ್ಲ, ಅವಳ ಪಾಲಿಂದೂ ನಾನೇ ಇಟ್ಕೊಂಡಿದ್ದೀನಿ."

ಅಸಲಿ ಸ್ವೀಡನ್ನಿನವರು

ಚೀನಾದ ಆ ಊರಿನ ಸರ್ಕಾರಿ ಕಚೇರಿಗೆ ಬೆಳಿಗ್ಗೆಯೇ ಹೋದೆವು. ನಾನು, ನಮ್ಮವರು, ಏಳು ವರ್ಷದ ನಮ್ಮ ದೊಡ್ಡ ಮಗಳು. ಜೊತೆಗೆ ನಮ್ಮ ಹಾಗೆಯೇ ಮಗುವಿಗಾಗಿ ಬಂದಿದ್ದ, ಸ್ವೀಡನ್ನಿನ ಉಮೆಯೊ ಕಡೆಯ ಗಂಡ ಹೆಂಡತಿ. ಇಬ್ಬರೂ ಬಾಗಿಲ ಚೌಕಟ್ಟಿನಷ್ಟು ಎತ್ತರ, ಜೋಳದ ತೆನೆಯ ಬಣ್ಣದ ಕೂದಲು, ಸ್ವೀಡನ್ನಿನ ರೂಢಿಯಂತೆ ಅಪರಿಚಿತರೊಡನೆ ಮಾತೂ ಇಲ್ಲ. ಅಲ್ಲಿನ ನಿಯಮ ಹೀಗೆ: ಇವತ್ತು ಮಗುವನ್ನು ಕೈಗೆ ಕೊಡುತ್ತಾರೆ. ಒಂದು ದಿನ ಜೊತೆಯಲ್ಲಿಟ್ಟುಕೊಂಡು, ನಾಳೆ ಬಂದು ಹೊಂದಿಕೆಯಾಯಿತು ಎಂದು ಹೇಳಿ ಸಹಿ ಹಾಕಿದರೆ ಮಗು ನಮ್ಮದು.

ಗುಮಾಸ್ತರು ಬಂದವರೇ ಉಮೆಯೊದವರಿಗೆ ಕೈಕುಲುಕಿ, ನಮ್ಮನ್ನು ನೋಡಿ, ನಮ್ಮ ಹಿಂದೆ ನೋಡಿ, ಬಾಗಿಲಾಚೆ ಇಣುಕಿ, "ಇನ್ನೊಂದು ಸ್ವೀಡನ್ ಕುಟುಂಬ ಎಲ್ಲಿ?" ಎಂದರು. ನಮ್ಮ ದುಭಾಷಿ ಸ್ವೀಡನ್ನಿನ ಲುಂಡ್‌ನಲ್ಲಿ ಓದಿ ಬಂದಿದ್ದ ಚೀನೀ ಹುಡುಗಿ, ಸ್ವೀಡಿಷ್ ಚೆನ್ನಾಗಿ ಬರುತ್ತಿತ್ತು. ಇವರೇ ಅದು ಎಂದು ಆಕೆ ಹೇಳಿದರೂ ಗುಮಾಸ್ತರಿಗೆ ಸಮಾಧಾನವಿಲ್ಲ. ಪಾಸ್‌ಪೋರ್ಟ್ ನೋಡುವುದು, ಮುಖ ನೋಡುವುದು, ಮತ್ತೆ ಪಾಸ್‌ಪೋರ್ಟ್ ನೋಡುವುದು. ಕೊನೆಗೆ ಉಮೆಯೊದ ಗಂಡಸೇ ಎದ್ದು ನಿಂತು ನಮ್ಮವರನ್ನು ತೋರಿಸಿ ಹೇಳಿದ, "ಇವರು ಪಕ್ಕಾ ಸ್ವೀಡನ್ನಿನವರು. ನಿನ್ನೆ ಹೋಟೆಲಿನ ಒಂದೇ ಲಿಫ್ಟಿನಲ್ಲಿ ಇಪ್ಪತ್ತನೇ ಮಹಡಿಗೆ ಹೋದೆವು, ಒಂದು ಮಾತೂ ಆಡಲಿಲ್ಲ."

ಗುಮಾಸ್ತರು ಒಪ್ಪಿದರು. ನನ್ನ ಪರವಾಗಿ ಸಾಕ್ಷಿ ಹೇಳಲು ಮಾತ್ರ ಯಾರೂ ಏಳಲಿಲ್ಲ.

ಬಳೆ ತೊಟ್ಟ ಕೈ

ಅನಾಥಾಲಯದ ಆಯಾ ಒಬ್ಬಳು ನಮ್ಮ ಮಗುವಿನ ಕೈ ಹಿಡಿದು ಕರೆತಂದಳು. ಮೂರು ವರ್ಷದ ಪುಟ್ಟಿ. ಎರಡು ಜುಟ್ಟು, ಕೆಂಪು ಸ್ವೆಟರು, ಯಾರನ್ನೂ ನಂಬದ ಮುಖ. ನಾನು ಕಸುಬಿನವಳಲ್ಲವೇ, ಮಗುವಿನ ಎತ್ತರಕ್ಕೆ ನೆಲದ ಮೇಲೆ ಕೂತು ಎರಡೂ ಕೈ ಚಾಚಿ, "ಬಾ ಚಿನ್ನ, ಬಾರಮ್ಮ, ನೋಡು ಯಾರು ಬಂದಿದ್ದಾರೆ" ಎಂದು ಶುರು ಮಾಡಿದೆ. ಪುಟ್ಟಿ ಒಂದು ಕ್ಷಣ ನಿಂತು ನೋಡಿದಳು. ರಸ್ತೆಯಲ್ಲಿ ಹೊಂಡ ಕಂಡರೆ ಬಳಸಿ ಹೋಗುತ್ತೇವಲ್ಲ, ಹಾಗೆ ನನ್ನನ್ನು ಬಳಸಿ ಹೋಗಿ ನಮ್ಮವರ ಪ್ಯಾಂಟು ಹಿಡಿದು ನಿಂತಳು. ಅವರು ಏನೂ ಮಾಡಿರಲಿಲ್ಲ. ಬಂದಾಗಿನಿಂದ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದರು.

ಸರಿ, ಮೊದಲ ಊಟದಲ್ಲಿ ಒಲಿಸಿಕೊಳ್ಳೋಣ ಅಂದುಕೊಂಡೆ. ಹೋಟೆಲಿನಲ್ಲಿ ಪುಟ್ಟಿ ನಮ್ಮವರ ತೊಡೆ ಬಿಟ್ಟು ಇಳಿಯಲಿಲ್ಲ. ನಾನು ಅನ್ನದ ಚಮಚ ಹಿಡಿದರೆ ಬಾಯಿಗೆ ಬೀಗ. ದೊಡ್ಡವಳು ಹಿಡಿದರೆ ಬಾಯಿ ತೆರೆಯುತ್ತಾಳೆ. ನನಗೆ ಛಲ ಬಂತು. "ರೀ, ನಿಮ್ಮ ಕೋಟಿನ ಒಂದು ತೋಳು ಬಿಚ್ಚಿ," ಅಂದೆ.

"ಯಾಕೆ?"

"ನಿಮ್ಮ ಕೈ ಒಳಗಿಟ್ಕೊಳ್ಳಿ. ನಾನು ಹಿಂದೆ ಕೂತು ಆ ತೋಳಲ್ಲಿ ನನ್ನ ಕೈ ಹಾಕಿ ತಿನ್ನಿಸ್ತೀನಿ. ಅವಳಿಗೆ ಅದು ನಿಮ್ಮ ಕೈ ಅಂತಲೇ ಅನ್ಸುತ್ತೆ. ನನ್ನ ಕೈ ರೂಢಿ ಆಗ್ಲಿ."

ಅವರು ಪಾಪ, ಹೇಳಿದ ಹಾಗೆ ಮಾಡಿದರು. ನಾನು ಅವರ ಬೆನ್ನ ಹಿಂದೆ ಮುದುರಿಕೊಂಡು, ಏನೂ ಕಾಣದೆ, ಅಂದಾಜಿನ ಮೇಲೆ ಚಮಚ ಚಾಚಿದೆ. ಮೊದಲ ಚಮಚ ಅವರ ಮೂಗಿಗೆ ಹೋಯಿತು. ಎರಡನೆಯದು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೂರನೆಯದಕ್ಕೆ ಪುಟ್ಟಿ ಆ ಕೈಯನ್ನು ಹಿಡಿದು ನಿಲ್ಲಿಸಿದಳು. ತೋಳಿನಿಂದ ಇಣುಕುತ್ತಿದ್ದ ನನ್ನ ಹಸಿರು ಬಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಆಮೇಲೆ ಕೈಯಿಂದ ಚಮಚ ಕಿತ್ತುಕೊಂಡು, ಒಂದು ಅಗುಳೂ ಚೆಲ್ಲದೆ ತಟ್ಟೆ ಖಾಲಿ ಮಾಡಿದಳು. ಅವಳಿಗೆ ತಾನೇ ತಿನ್ನಲು ಬರುತ್ತದೆ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ನಮ್ಮ ಕಡೆ ಮಕ್ಕಳು ಶಾಲೆ ಸೇರಿದ ಮೇಲೂ ತುತ್ತು ಕಲಸಿ ಬಾಯಿಗಿಡುವುದೇ ರೂಢಿ.

ನಾನು ಕೋಟಿನಿಂದ ಹೊರಬರುವಾಗ ಪಕ್ಕದ ಮೇಜಿನ ಮುದುಕಿ ದುಭಾಷಿಯನ್ನು ಏನೋ ಕೇಳಿದಳು. ಹುಡುಗಿ ನಗು ತಡೆದುಕೊಂಡು ಹೇಳಿದಳು, "ಯಜಮಾನರ ಕೈಗೆ ಏನಾಯ್ತು ಅಂತ ಕೇಳ್ತಿದ್ದಾರೆ. ಅವರಿಗೆ ಗೊತ್ತಿರೋ ಒಳ್ಳೆಯ ಡಾಕ್ಟರು ಇದ್ದಾರಂತೆ."

ದೃಷ್ಟಿ ಬೊಟ್ಟು

ಮಧ್ಯಾಹ್ನ ದಾವಣಗೆರೆಯಿಂದ ಅತ್ತೆ ಕಂಪ್ಯೂಟರಿನಲ್ಲಿ ವಿಡಿಯೋ ಕಾಲ್ ಮಾಡಿದರು. ಪುಟ್ಟಿಯನ್ನು ನೋಡಿದ್ದೇ ಅವರ ಕಣ್ಣು ತುಂಬಿತು. "ಎಷ್ಟು ಲಕ್ಷಣವಾಗಿದ್ದಾಳೆ! ಕೆನ್ನೆಗೆ ದೃಷ್ಟಿ ಬೊಟ್ಟು ಇಟ್ಯೇನೇ? ಇಟ್ಟಿಲ್ವಾ? ದಿನಾ ಮಕ್ಕಳನ್ನ ನೋಡ್ಕೊಳ್ಳೋಳು ನೀನು, ಅಷ್ಟೂ ಗೊತ್ತಾಗಲ್ವಾ?"

ನಾನು ಕಾಡಿಗೆ ತೆಗೆದೆ. ಪುಟ್ಟಿ ಮುಖ ತಿರುಗಿಸಿದಳು. ಕೊನೆಗೆ ನನ್ನ ನಿರ್ದೇಶನದಲ್ಲಿ ನಮ್ಮವರೇ ಅವಳ ಕೆನ್ನೆಗೆ ರೂಪಾಯಿ ಅಗಲ ಬೊಟ್ಟಿಟ್ಟರು. ಹಾಗೇ ಎಲ್ಲರೂ ನಾಳೆಯ ಅರ್ಜಿಗೆ ಬೇಕಾದ ಫೋಟೋ ತೆಗೆಸಲು ಸ್ಟುಡಿಯೋಕ್ಕೆ ಹೋದೆವು. ಪುಟ್ಟಿ ನಮ್ಮವರ ಕಂಕುಳಲ್ಲಿ, ದೊಡ್ಡವಳು ಅವಳ ಕಾಲು ಹಿಡಿದುಕೊಂಡು. ನಾನು ಪಕ್ಕದ ಮನೆಯವರು ಫೋಟೋಕ್ಕೆ ಬಂದ ಹಾಗೆ ಒಂದು ಅಂಚಿನಲ್ಲಿ. ಫೋಟೋ ತೆಗೆದ ಯುವಕ ಬಹಳ ಶ್ರದ್ಧೆಯವನು. ಕಂಪ್ಯೂಟರಿನ ಮುಂದೆ ಕೂತು ಬೆವರು ಒರೆಸಿಕೊಳ್ಳುತ್ತಾ ಏನೇನೋ ತಿದ್ದಿದ.

ಕೈಗೆ ಬಂದ ಫೋಟೋದಲ್ಲಿ ಪುಟ್ಟಿಯ ದೃಷ್ಟಿ ಬೊಟ್ಟು ಇರಲಿಲ್ಲ. ಕಲೆ ಎಂದು ಒರೆಸಿಬಿಟ್ಟಿದ್ದ. ನನ್ನ ಹಣೆಯ ಕುಂಕುಮ ಇರಲಿಲ್ಲ. ನಮ್ಮವರ ಗದ್ದದ ಮೇಲಿನ ಮಚ್ಚೆ, ಹುಟ್ಟಿದಾಗಿನಿಂದ ಇದ್ದದ್ದು, ಅದೂ ಇರಲಿಲ್ಲ. ಉಚಿತವಾಗಿ ಎಲ್ಲರಿಗೂ ಬಿಳಿ ಬಣ್ಣ ಬೇರೆ ಬಳಿದಿದ್ದ. ಅತ್ತೆಗೆ ಕಳಿಸಿದೆವು. ಕೂಡಲೇ ಫೋನ್ ಬಂತು. "ಮಗು ಚೆನ್ನಾಗಿ ಬಂದಿದೆ ಕಣೇ. ಅದನ್ನ ಎತ್ಕೊಂಡಿರೋ ಆ ಬಿಳೀ ಜನ ಯಾರು?"

ಒಂದು ಕೆಲಸವಂತೂ ಆಯಿತು. ಮರುದಿನ ಆ ಫೋಟೋ ನೋಡಿದ ಗುಮಾಸ್ತರು ಮೊದಲ ಸಲ ನಮ್ಮನ್ನು ಸ್ವೀಡನ್ನಿನವರೆಂದು ಮನಸಾರೆ ಒಪ್ಪಿಕೊಂಡರು.

ಅಧಿಕಾರಿಯ ಪ್ರಶ್ನೆ

ಆ ರಾತ್ರಿ ಪುಟ್ಟಿ ದೊಡ್ಡವಳ ಪಕ್ಕದಲ್ಲಿ ನಿದ್ದೆ ಹೋದಳು. ಬೆಳಿಗ್ಗೆ ನಮ್ಮವರ ಕೈಯಿಂದ ಹಾಲು ಕುಡಿದಳು, ದೊಡ್ಡವಳಿಂದ ಜುಟ್ಟು ಹಾಕಿಸಿಕೊಂಡಳು. ನನ್ನ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ. ದಾಗಿಸ್‌ನಲ್ಲಿ ಇಂಥ ಮಗುವಿನ ತಾಯಿಗೆ ನಾನು ಎಷ್ಟು ಸಲ ಹೇಳಿಲ್ಲ, "ಗಾಬರಿ ಆಗ್ಬೇಡಿ, ಸಮಯ ಕೊಡಿ" ಎಂದು. ಬೇರೆಯವರಿಗೆ ಹೇಳುವುದು ಎಷ್ಟು ಸುಲಭ! ನನಗೆ ಒಳಗೊಳಗೇ ಭಯವಾಗಿತ್ತು. ಈ ಮಗುವಿಗಾಗಿ ವರ್ಷಗಟ್ಟಲೆ ಕಾದಿದ್ದೆ. ತಾಯಿಯ ಹತ್ತಿರ ಹೋಗದ ಮಗುವನ್ನು ಕೊಡುವುದಿಲ್ಲ ಅಂದುಬಿಟ್ಟರೆ?

ಅಧಿಕಾರಿ ದಪ್ಪ ಕನ್ನಡಕದ ಹೆಂಗಸು. ಮೇಜಿನಾಚೆ ಕೂತು ಒಂದೊಂದೇ ಪ್ರಶ್ನೆ ಕೇಳಿದರು, ದುಭಾಷಿ ಸ್ವೀಡಿಷ್‌ನಲ್ಲಿ ನಮಗೆ ಹೇಳಿದಳು. ಮಗು ನಿಮಗೆ ಒಪ್ಪಿಗೆಯೇ? ಒಪ್ಪಿಗೆ. ಚೆನ್ನಾಗಿ ಓದಿಸುತ್ತೀರಾ? ಓದಿಸುತ್ತೇವೆ. ಯಾವತ್ತೂ ಕೈಬಿಡುವುದಿಲ್ಲ ತಾನೇ? ಇಲ್ಲ, ಇಲ್ಲ, ಯಾವತ್ತೂ ಇಲ್ಲ. ನಾನು ಎರಡೆರಡು ಸಲ ಉತ್ತರ ಹೇಳುತ್ತಿದ್ದೆ. ಆಮೇಲೆ ಅವರು ಕನ್ನಡಕ ಕೆಳಗಿಳಿಸಿ, ನನಗೆ ಬೆನ್ನು ಮಾಡಿ ನಮ್ಮವರ ಹೆಗಲಿಗೆ ಅಂಟಿಕೊಂಡಿದ್ದ ಪುಟ್ಟಿಯನ್ನು ನೋಡಿದರು. "ಮಗು ತಾಯಿಯ ಹತ್ತಿರ ಹೋಗುವುದಿಲ್ಲವೇ?"

ನನ್ನ ಬಳಿ ಉತ್ತರ ಇತ್ತು. ಮಕ್ಕಳ ಮನಸ್ಸು, ಹೊಂದಿಕೊಳ್ಳುವ ಹಂತಗಳು, ನನ್ನ ಅನುಭವ, ಅರ್ಧ ಗಂಟೆ ಮಾತಾಡಬಲ್ಲೆ. ಬಾಯಿ ತೆರೆದೆ. ಹಾಗೇ ಮುಚ್ಚಿದೆ. ನಮ್ಮ ಮದುವೆಯಾದ ಮೇಲೆ ನಾನು ಮಾತು ಬಾರದೆ ನಿಂತದ್ದು ಅದೇ ಮೊದಲು ಎಂದು ನಮ್ಮವರು ಈಗಲೂ ಹೇಳುತ್ತಾರೆ.

ಅಷ್ಟರಲ್ಲಿ ದೊಡ್ಡವಳು ಶಾಲೆಯಲ್ಲಿ ಎತ್ತುವ ಹಾಗೆ ಕೈ ಎತ್ತಿದಳು. ಅಧಿಕಾರಿ ತಲೆಯಾಡಿಸಿದರು. ಅವಳು ಸ್ವೀಡಿಷ್‌ನಲ್ಲಿ ಗಂಭೀರವಾಗಿ ಕೇಳಿದಳು, "ಎಲ್ಲವನ್ನೂ ಅಮ್ಮ ಅಪ್ಪನನ್ನೇ ಕೇಳ್ತಿದ್ದೀರಲ್ಲ. ಅವಳನ್ನು ಯಾವಾಗ ಕೇಳ್ತೀರಿ? ನಮ್ಮ ಸ್ವೀಡನ್ನಿನಲ್ಲಿ ಮಕ್ಕಳ ವಿಷಯ ಅಂದ್ರೆ ಮಕ್ಕಳನ್ನೂ ಕೇಳ್ಬೇಕು."

ದುಭಾಷಿ ಹೆದರುತ್ತಲೇ ಅದನ್ನು ಚೀನೀ ಭಾಷೆಗೆ ತಿರುಗಿಸಿದಳು. ನಮ್ಮವರು ಕಣ್ಣು ಮುಚ್ಚಿಕೊಂಡರು. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಎದ್ದು, ಮೇಜು ಸುತ್ತಿ ಬಂದು, ಪುಟ್ಟಿಯ ಮುಖದ ಹತ್ತಿರ ಬಗ್ಗಿ ಮೆತ್ತಗೆ ಕೇಳಿದರು. ಇವರ ಜೊತೆ ಮನೆಗೆ ಹೋಗ್ತೀಯಾ?

ಪುಟ್ಟಿ ಯೋಚಿಸಿದಳು. ನಮ್ಮವರ ಎದೆ ಮುಟ್ಟಿ ತಲೆಯಾಡಿಸಿದಳು. ದೊಡ್ಡವಳನ್ನು ತೋರಿಸಿ ತಲೆಯಾಡಿಸಿದಳು. ಆಮೇಲೆ, ಆ ಒಂದು ದಿನದಲ್ಲಿ ಮೊದಲ ಸಲ, ತಾನಾಗಿ ತಿರುಗಿ ನನ್ನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಉಸಿರು ಬಿಗಿಹಿಡಿದು, ಕಣ್ಣು ಮಿಟುಕಿಸದೆ ನಿಂತೆ. ಮಿಟುಕಿಸಿದರೆ ನೀರು ಇಳಿಯುತ್ತಿತ್ತು. ಪುಟ್ಟಿ ಅಧಿಕಾರಿಯ ಕಿವಿಯ ಹತ್ತಿರ ಬಾಯಿಟ್ಟು ಏನೋ ಉದ್ದಕ್ಕೆ ಹೇಳಿದಳು.

ಅಧಿಕಾರಿ ಜೋರಾಗಿ ನಕ್ಕರು. ಗುಮಾಸ್ತರೂ ನಕ್ಕರು. ನಾನು ದುಭಾಷಿಯ ತೋಳು ಹಿಡಿದುಕೊಂಡೆ. "ಏನಂದ್ಲು? ಬೇಗ ಹೇಳು ತಾಯಿ."

ಹುಡುಗಿಯ ಕಣ್ಣಲ್ಲೂ ನೀರು. "ಈ ಆಂಟಿಯನ್ನೂ ಕರ್ಕೊಂಡು ಹೋಗೋಣ ಅಂತಿದ್ದಾಳೆ. ಇಲ್ಲೇ ಬಿಟ್ಟು ಹೋದ್ರೆ ಇವರು ಅಳ್ತಾರಂತೆ."

ನಾನು ಅಲ್ಲೇ ಕುರ್ಚಿಯ ಮೇಲೆ ಕುಸಿದು, ದಾಗಿಸ್‌ನ ಯಾವ ಮಗುವೂ ಅತ್ತಿರದಷ್ಟು ಜೋರಾಗಿ ಅತ್ತುಬಿಟ್ಟೆ. ಪುಟ್ಟಿ ಅಧಿಕಾರಿಯ ಕಡೆ ತಿರುಗಿ, ನಾನು ಹೇಳಲಿಲ್ಲವೇ ಅನ್ನುವ ಹಾಗೆ ತಲೆಯಾಡಿಸಿದಳು.