ರೊಟ್ಟಿ ಸದ್ದು ಮತ್ತು ಹಾರ್ಮೋನು

ನಗು ಹುಡುಕಿಕೊಂಡು ನಾನೆಲ್ಲೂ ಹೋಗುವುದಿಲ್ಲ. ಬೈಲಹೊಂಗಲದ ನನ್ನ ಮನೆಯ ಪಕ್ಕದ ಗೋಡೆ ದಾಟಿ ಅದೇ ಬರುತ್ತದೆ. ಚಾಮರಾಜನಗರದಿಂದ ಇಲ್ಲಿಗೆ ಸೊಸೆಯಾಗಿ ಬಂದು ಮುದುಕಿಯಾದೆ, ಗೋಡೆಗೆ ಕಿವಿ ಕೊಡುವ ಹುರುಪು ಮಾತ್ರ ಇಳಿದಿಲ್ಲ.

ಸದ್ದಿಲ್ಲದ ಊಟ

ಪಕ್ಕದ ಮನೆ ಯಜಮಾನರು ಯರಗಟ್ಟಿಯಲ್ಲಿ ಹತ್ತಿ ವ್ಯಾಪಾರಿ. ರೊಟ್ಟಿ ಬಡಿಯುವ ಸದ್ದು ಕೇಳಿಯೇ ಹೆಂಡತಿಯ ಮನಸ್ಸನ್ನು ಅಳೆಯುತ್ತಾರೆ. ಸದ್ದು ಮೆತ್ತಗಿದ್ದರೆ ಒಳಗೆ, ಜೋರಾಗಿದ್ದರೆ ಚಹಾದಂಗಡಿಗೆ. ಈ ವರ್ಷ ಹೆಂಡತಿಗೆ ಮುಟ್ಟು ನಿಲ್ಲುವ ಕಾಲ. ಸೊಸೆಗೆ ಎರಡನೇ ಹೆರಿಗೆ, ಬಾಣಂತನ ಇಲ್ಲೇ. ಕೋಣೆಯಿಂದ ಅಳು, ಅಡುಗೆಮನೆಯಿಂದ ಗುಡುಗು. ಯಜಮಾನರು ತಾಟು ಹಿಡಿದು ನಮ್ಮ ಬಾಗಿಲಿಗೇ ಬಂದರು.

"ಅಕ್ಕಾರ, ನಿಮ್ಮಲ್ಲಿ ಅನ್ನ ಮಾಡ್ತೀರಿ. ಅದಕ್ಕ ಸಪ್ಪಳ ಇರೂದಿಲ್ಲ. ಒಂದು ತುತ್ತು ಹಾಕ್ರಿ."

ಒಂದು ಚೀಲ

ಮರುದಿನ ನಗು ನಿಂತಿತು. ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ರಾಮದುರ್ಗದ ತವರಿಗೆ ಹೋಗುತ್ತೇನೆ, ಗಂಡ ಬೇರೆ ಮನೆ ಮಾಡದೆ ತಿರುಗಿ ಬರುವುದಿಲ್ಲ ಎಂದಳು ಸೊಸೆ. ಹೋಗು ಎಂದಳು ಅತ್ತೆ. ನಾನು ಅತ್ತೆ, ಸೊಸೆ, ಯಜಮಾನರು ಮೂವರನ್ನೂ ಡಾಕ್ಟರಮ್ಮನ ಬಳಿ ಎಳೆದೊಯ್ದೆ.

ಆಕೆ ಬಿಡಿಸಿ ಹೇಳಿದರು: ಈಸ್ಟ್ರೋಜನ್ ಮೆದುಳಿಗೆ ಗೆಲುವು ಕೊಡುತ್ತದೆ, ಪ್ರೊಜೆಸ್ಟರಾನ್ ಅದನ್ನು ಶಾಂತವಾಗಿಟ್ಟು ನಿದ್ದೆ ತರುತ್ತದೆ. ಹೆರಿಗೆಯಾದೊಡನೆ ಎರಡೂ ಧಡಕ್ಕನೆ ಇಳಿಯುತ್ತವೆ. ಅತ್ತೆಯ ವಯಸ್ಸಿನಲ್ಲಿ ಒಂದು ದಿನ ಏರಿ ಇನ್ನೊಂದು ದಿನ ಜಾರುತ್ತವೆ. ಅಳು, ಸಿಟ್ಟು ಇಬ್ಬರ ಸೊಕ್ಕಲ್ಲ. ಬಾಣಂತಿಗೆ ಆಸರೆ ಕೊಡಿ, ಅಳು ನಿಲ್ಲದಿದ್ದರೆ ತಡಮಾಡದೆ ಕರೆತನ್ನಿ.

ಯಜಮಾನರು ಬಹಳ ಗಮನವಿಟ್ಟು ಕೇಳಿ, ಕೈಮುಗಿದು ಅಂದರು: "ಅವೆರಡೂ ಯರಗಟ್ಟ್ಯಾಗ ಸಿಗತಾವೇನ್ರಿ? ಒಂದ ಚೀಲ ತಂದ ಇಡತೇನಿ."

ಎಮ್ಮೆಯ ಮನಸ್ಸು

ಚೀಲದಲ್ಲಿ ಸಿಗುವುದಲ್ಲ ಎಂದು ತಿಳಿದ ಮೇಲೆ ಅವರಿಗೆ ನಂಬಿಕೆಯೇ ಹೋಯಿತು. ಮನೆಗೆ ಬಂದವರೇ, ಹೆಂಗಸರೆಲ್ಲ ಹಡೀತಾರೆ, ಇದೇನು ಹೊಸ ಹಾರ್ಮೋನು ಎಂದು ರೇಗಿದರು. ಸೊಸೆ ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಅಷ್ಟರಲ್ಲಿ ಅವರ ಹಿತ್ತಲಿನ ಎಮ್ಮೆಯ ಕರು ನೋಡಲು ನಾನು ಎರಡು ಹೆಜ್ಜೆ ಇಟ್ಟೆ. ಯಜಮಾನರು ಓಡಿ ಬಂದು ಅಡ್ಡ ನಿಂತರು.

"ಹತ್ರ ಹೋಗಬ್ಯಾಡ್ರಿ ಅಕ್ಕಾರ. ಮೊನ್ನೆ ಈದೇತಿ, ಅದರ ಮನಸು ನೆಟ್ಟಗಿಲ್ಲ. ದಿನಾ ಬೆಲ್ಲ ತಿನಿಸಿ ಸಮಾಧಾನ ಮಾಡಾಕತ್ತೇನಿ."

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಬಂದು ಗಂಡನನ್ನು ನೋಡಿದಳು. ಆಮೇಲೆ ಸೊಸೆಗೆ ಹೇಳಿದಳು: "ಚೀಲ ಇಳಸವಾ. ರಾಮದುರ್ಗ ಯಾಕ, ನಾವಿಬ್ರೂ ಕೊಟ್ಟಿಗ್ಯಾಗ ಇರೂಣು. ಅಲ್ಲೆ ಬೆಲ್ಲಾನೂ ಸಿಗತೇತಿ, ಮರ್ಯಾದಿನೂ ಸಿಗತೇತಿ."

ಹೆರಿಗೆಯ ನಂತರ ಸೊಸೆ ನಕ್ಕದ್ದು ಅದೇ ಮೊದಲು. ಬಟ್ಟೆ ಕಪಾಟಿಗೆ ಮರಳಿದವು. ಅತ್ತೆ ಸೊಸೆಯ ಪಕ್ಕದಲ್ಲೇ ಕುಳಿತುಬಿಟ್ಟಳು. ಅಂದು ರೊಟ್ಟಿ ಬಡಿಯಲು ಕೂತವರು ಯಜಮಾನರು. ಧಡ್ ಧಡ್ ಎಂದು ನಮ್ಮ ಗೋಡೆಯೇ ನಡುಗಿತು.

ಸೊಸೆ ಮೆಲ್ಲಗೆ ಕೇಳಿದಳು: "ಅತ್ಯಾರ, ಮಾವಾರಿಗೆ ಯಾವ ಹಾರ್ಮೋನು ಕಡಿಮಿ ಆಗೇತ್ರಿ?"