ಎರಡು ಬಣ್ಣದ ಕಾಲಿನ ಪ್ಯಾಂಟು

"ನಮ್ಮದು ರಾಯದುರ್ಗ" ಎಂದು ಹೇಳುವಾಗ ನನ್ನ ಕತ್ತು ತಾನಾಗಿಯೇ ಎರಡಿಂಚು ಉದ್ದವಾಗುತ್ತದೆ. ಇದು ರೋಗವಾದರೆ ನನಗೆ ಔಷಧಿ ಬೇಡ. ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಎದುರಿಗಿದ್ದವರ ಜೀನ್ಸ್ ಪ್ಯಾಂಟಿನ ಹೊಲಿಗೆ ನೋಡಿ, 'ಇದು ನಮ್ಮೂರಿನದೇ' ಎಂದು ಒಳಗೊಳಗೇ ಬೀಗುವವಳು ನಾನು. ಕೂಲಿಗೆಂದು ಬಳ್ಳಾರಿಗೋ ಬೆಂಗಳೂರಿಗೋ ಗಂಟು ಕಟ್ಟುತ್ತಿದ್ದ ಎಷ್ಟೋ ಜನ ಹೊಲಿಗೆ ಕಲಿತು ಊರಲ್ಲೇ ನಿಂತ ಕಾಲದಲ್ಲಿ ನಾನು ಬೆಳೆದೆ. ನಮ್ಮ ಓಣಿಯಲ್ಲಿ ಹನ್ನೊಂದು ಮನೆ, ಹನ್ನೊಂದರಲ್ಲೂ ಮಷಿನ್ನು. ಕತ್ತರಿಸಿದ ಬಟ್ಟೆಯ ತುಂಡುಗಳು ಸಾವ್ಕಾರರ ಯೂನಿಟ್ಟಿನಿಂದ ನಮ್ಮ ಅವ್ವನ ಹತ್ತಿರ ಬರುತ್ತಿದ್ದವು. ಅವ್ವ ಅವನ್ನು ಮನೆಮನೆಗೆ ಹಂಚಿ, ಹೊಲಿಸಿ, ಹಿಂದಕ್ಕೆ ಕಳಿಸುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ವಕ್ರ ಹೊಲಿಗೆಯೂ ಓಣಿ ದಾಟುತ್ತಿರಲಿಲ್ಲ.

ಇಂಥವಳ ಮಗಳಾದ ನಾನು ತೆಲುಗು ಸೀಮೆಯ ಕಾಲೇಜಿಗೆ ಎಂಸಿಎ ಓದಲು ಹೋದೆ. ಅಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ವಿಷಯಕ್ಕೆ ನಾಲ್ವರು ಸೇರಿ ಒಂದು ಪ್ರಾಜೆಕ್ಟು ಮಾಡಬೇಕಿತ್ತು. ನಮ್ಮ ತಂಡಕ್ಕೆ ನಾನೇ ಲೀಡರ್. ಯಾರೂ ಆರಿಸಲಿಲ್ಲ, ನಾನೇ ಹೇಳಿಕೊಂಡೆ. ಮಡಕಶಿರದ ಮಂಜ ಪ್ರೋಗ್ರಾಂ ಬರೆಯುವವನು. ಉಳಿದಿಬ್ಬರಲ್ಲಿ ಒಬ್ಬಳು ವರದಿಗೆ ಕವರ್ ಪೇಜು ಮಾಡಿದಳು, ಇನ್ನೊಬ್ಬ ಅದು ಚೆನ್ನಾಗಿದೆ ಎಂದ. ಪ್ರೊಫೆಸರ್ ಒಂದೇ ಷರತ್ತು ಹಾಕಿದ್ದರು: ನಿಜವಾಗಿ ಕೆಲಸ ಮಾಡುವ ಒಬ್ಬರು ನಿಮ್ಮ ಸಾಫ್ಟ್‌ವೇರನ್ನು ಒಂದು ವಾರ ಬಳಸಿ, ಸರಿಯಿದೆ ಎಂದು ಫಾರಂಗೆ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ನಾಲ್ವರೂ ಫೇಲು.

"ಸಹಿ ನನ್ನ ಜೇಬಲ್ಲಿದೆ" ಎಂದೆ ನಾನು. ಓಣಿಯ ಹೊಲಿಗೆ ಹಂಚಿಕೆಗೇ ಸಾಫ್ಟ್‌ವೇರ್ ಮಾಡುವುದು, ಅವ್ವನಿಂದಲೇ ಸಹಿ ಹಾಕಿಸುವುದು ಎಂದು ತೀರ್ಮಾನವಾಯಿತು. ಫಾರಂನಲ್ಲಿ 'ಬಹಳ ತೃಪ್ತಿಯಾಗಿದೆ' ಎಂದು ಮೊದಲೇ ನಾನು ಬರೆದಿಟ್ಟೆ. ಮಂಜ ಮಾತ್ರ, "ನಿಮ್ಮಮ್ಮನ್ನ ಕೂರಿಸ್ಕಂಡು ಒಂದ್ಸಲ ಎಲ್ಲಾ ಕೇಳ್ಬೇಕು ಕಣೆ" ಎಂದ. "ಮಷಿನ್ ಸದ್ದಿಗೇ ನಿದ್ದೆ ಮಾಡಿ ಬೆಳೆದವಳು ನಾನು. ನನಗೆ ಗೊತ್ತಿಲ್ಲದ್ದು ಅವ್ವನಿಗೇನು ಗೊತ್ತು?" ಎಂದುಬಿಟ್ಟೆ. ಈಗ ಆ ಮಾತನ್ನು ನೆನೆಸಿಕೊಂಡರೆ ನನ್ನ ಕಿವಿ ನಾನೇ ಹಿಂಡಿಕೊಳ್ಳುತ್ತೇನೆ.

ಪ್ರತಿ ತುಂಡಿನ ಮೇಲೂ ಯೂನಿಟ್ಟಿನವರು ಒಂದು ಪುಟ್ಟ ನಂಬರಿನ ಚೀಟಿ ಅಂಟಿಸಿರುತ್ತಿದ್ದರು. ಎಡಗಾಲಿನ ತುಂಡಿಗೂ ಏಳು, ಬಲಗಾಲಿಗೂ ಏಳು, ಜೇಬಿಗೂ ಏಳು. ಒಂದೇ ಸಂಗತಿಯನ್ನು ಎರಡು ಸಲ ಬರೆದಿಡುವುದು ಮಹಾಪಾಪ ಎಂದು ನಮಗೆ ಆಗಷ್ಟೇ ಪಾಠವಾಗಿತ್ತು. ಪಾಠ ಬಿಸಿಬಿಸಿಯಾಗಿತ್ತು, ನಾವೂ ಬಿಸಿಯಾಗಿದ್ದೆವು. ಆ ನಂಬರನ್ನು ಕಂಪ್ಯೂಟರಿಗೆ ಸೇರಿಸಲೇ ಇಲ್ಲ. ಸೈಜು ಯಾವುದು, ಎಡಗಾಲೋ ಬಲಗಾಲೋ, ಅಷ್ಟಿದ್ದರೆ ಸಾಕು ಎಂದುಕೊಂಡೆವು.

ಸಾಫ್ಟ್‌ವೇರ್ ತಯಾರಾದ ಮೇಲೆ ಅದರ ಪರೀಕ್ಷೆಗೆಂದು ಅವ್ವ ಒಂದು ಡಜನ್ ಪ್ಯಾಂಟಿನ ತುಂಡುಗಳನ್ನು ಕೊಟ್ಟು, ಎರಡು ದಿನಕ್ಕೆಂದು ಬೊಮ್ಮನಹಾಳಿನ ತಂಗಿಯ ಮನೆಗೆ ಹೋದಳು. ನಾನೂ ನಮ್ಮೂರಿಗೆ ಬಂದಿದ್ದ ಮಂಜನೂ ಹಳೆ ಚೀಟಿಗಳನ್ನೆಲ್ಲ ಕಿತ್ತು, ಕಂಪ್ಯೂಟರಿನಿಂದ ಬಂದ ಹೊಸ ಚೀಟಿ ಅಂಟಿಸಿದೆವು. ಪಕ್ಕದ ಮನೆಯ ಹನುಮಕ್ಕ ಗಾಬರಿಯಾಗಿ, "ನಂಬರ್ ಕಿತ್ರ ಹೆಂಗವ್ವಾ, ಯಾವ್ದಕ್ಕ ಯಾವ್ದು ಅಂತ ಹೊಲಿಬೇಕು?" ಎಂದಳು.

"ಕಂಪ್ಯೂಟರ್‌ಗೆ ಎಲ್ಲಾ ಗೊತ್ತೈತಕ್ಕಾ, ನೀ ಹೊಲಿ" ಎಂದೆ.

ಪಾಪ, ಓದಿದ ಹುಡುಗಿ ಹೇಳುತ್ತಿದ್ದಾಳೆಂದು ಹೊಲಿದಳು. ಹನ್ನೆರಡೂ ಪ್ಯಾಂಟು ಅರ್ಧ ದಿನಕ್ಕೇ ಮುಗಿದವು. ನಾನು ಓಣಿಯಲ್ಲಿ ಮೆರವಣಿಗೆ ಹೊರಡುವುದೊಂದು ಬಾಕಿ. ಪ್ಯಾಂಟುಗಳು, ಜೀನ್ಸಿನ ಬಣ್ಣ ತಿಳಿಯಾಗುವಂತೆ ಒಗೆಯುವ ವಾಷಿಂಗಿಗೆ ಹೋದವು, ಮೂರನೆಯ ದಿನ ಹಿಂದಿರುಗಿದವು. ಅಷ್ಟರಲ್ಲಿ ಅವ್ವನೂ ಬಂದಿದ್ದಳು. ಗಂಟು ಬಿಚ್ಚಿದರೆ, ಅಯ್ಯೋ ಶಿವನೇ! ಒಂದು ಕಾಲು ಆಕಾಶದ ನೀಲಿ, ಇನ್ನೊಂದು ಕಾಲು ಶಾಯಿಯ ನೀಲಿ. ಹನ್ನೆರಡರಲ್ಲಿ ಹತ್ತು ಹೀಗೇ.

ಅವ್ವ ಕೂಗಾಡಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ನೆಲದ ಮೇಲೆ ಕೂತು ಸೀರೆಯ ಸೆರಗನ್ನು ಪದರ ಪದರವಾಗಿ ಮಡಚಿ ತೋರಿಸಿದಳು. "ಬಟ್ಟಿ ಹಿಂಗ ಒಂದರ ಮ್ಯಾಲೆ ಒಂದು ಹಾಸಿ ಕತ್ತರಸ್ತಾರ. ಮ್ಯಾಲಿನ ಪದರ ಒಂದು ಥಾನಿಂದು, ಅಂದ್ರ ಒಂದು ಬಟ್ಟಿ ಸುರುಳಿದು, ಕೆಳಗಿಂದು ಇನ್ನೊಂದು ಥಾನಿಂದು. ಹೊಸ್ದಾಗಿದ್ದಾಗ ಎಲ್ಲಾ ಒಂದ ಬಣ್ಣ. ನೀರು ಬಿದ್ ಮ್ಯಾಲೆ ತಮ್ ತಮ್ ಬಣ್ಣ ತೋರಸ್ತಾವು. ಅದಕ್ಕ ಒಂದು ಪದರಕ್ಕ ಒಂದು ನಂಬರ್ರು. ಏಳು ಏಳರ ಜತಿಗೇ ಸೇರಬೇಕು. ಯಾಕ ಕೇಳ್ಲಿಲ್ಲ ನನ್ನ?"

"ತಪ್ಪಾಯ್ತು ಕಣಮ್ಮ" ಎಂದ ಮಂಜ. ತಪ್ಪು ನನ್ನದು, ಕ್ಷಮೆ ಕೇಳಿದವನು ಅವನು. ಲೀಡರ್ ಆದದ್ದಕ್ಕೆ ಅಷ್ಟಾದರೂ ಲಾಭವಿತ್ತು.

ಅಳುಕುತ್ತಲೇ ಫಾರಂ ಮುಂದಿಟ್ಟೆ. ಅವ್ವ ಅದನ್ನು ಓದಿ, ಮಡಚಿ, ನನ್ನ ಕೈಗೇ ವಾಪಸು ಕೊಟ್ಟಳು. "ಮಗಳು ಬ್ಯಾರೆ, ಕೆಲಸ ಬ್ಯಾರೆ. ಹೊಲಿಗಿ ತಪ್ಪಿದ್ರ ನಾವು ಬಿಚ್ಚಿ ಹೊಲಿತೀವಿ. ನೀವೂ ಬಿಚ್ರಿ. ಸರಿ ಆದ ದಿನ ಸಹಿ ಹಾಕ್ತೀನಿ. ಈ ಪ್ಯಾಂಟ್ ಏನು ಸಾವ್ಕಾರ್ರಿಗೆ ಕೊಡಾಕ ಬರ್ತೈತಾ? ನೀವ ಹಾಕ್ಕೊಂಡು ಪರೀಕ್ಷಿಗೆ ಹೋಗ್ರಿ."

ನಾನು ನಕ್ಕೆ. ಅವ್ವ ನಗಲಿಲ್ಲ. ಸಾವ್ಕಾರರಿಗೆ ತಾನೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬಂದಳು.

ಆಮೇಲಿನ ಎರಡು ವಾರ ನಮಗೆ ನಿಜವಾದ ಪಾಠ ಆದದ್ದು ಅವ್ವನ ಮಷಿನ್ನಿನ ಪಕ್ಕದಲ್ಲಿ. ಅವಳು ಹೇಳಿದಳು, ನಾವು ಬರೆದುಕೊಂಡೆವು. ಹನುಮಕ್ಕನನ್ನೂ ಕೇಳಿದೆವು. ಮಂಜ ಪ್ರೋಗ್ರಾಮನ್ನು ಅರ್ಧ ಕೆಡವಿ ಮತ್ತೆ ಕಟ್ಟಿದ. ಹೊಸದನ್ನು ಅವ್ವ ಒಂದು ವಾರ ಬಳಸಿದಳು. ಕೊನೆಗೆ 'ಬಹಳ ತೃಪ್ತಿಯಾಗಿದೆ' ಎಂಬುದರ ಮೇಲೆ ಗೀಟೆಳೆದು, 'ಪರವಾಗಿಲ್ಲ' ಎಂದು ಬರೆದು, ದೊಡ್ಡದಾಗಿ ಸಹಿ ಹಾಕಿದಳು. ನಮ್ಮ ಓಣಿಯಲ್ಲಿ ಅವ್ವನಿಂದ 'ಪರವಾಗಿಲ್ಲ' ಅನ್ನಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ.

ವೈವಾ ದಿನ ನಾಲ್ವರೂ ಆ ಪ್ಯಾಂಟುಗಳನ್ನೇ ಹಾಕಿಕೊಂಡು ಹೋದೆವು. ಊರಿಗೆಲ್ಲ ಪ್ಯಾಂಟು ಹೊಲಿಯುವ ಮನೆಯ ಹುಡುಗಿ ಜೀವನದಲ್ಲಿ ಮೊದಲ ಸಲ ಪ್ಯಾಂಟು ಹಾಕಿದ್ದೆ, ಅದೂ ಇಂಥದ್ದು. ಪ್ರೊಫೆಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಇದೇಂಟಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು. "ಟೆಸ್ಟಿಂಗ್ ರಿಪೋರ್ಟ್ ಸರ್" ಎಂದ ಮಂಜ, ಪಕ್ಕಕ್ಕೆ ತಿರುಗಿ ಎರಡೂ ಕಾಲು ತೋರಿಸುತ್ತಾ. ನಡೆದದ್ದನ್ನೆಲ್ಲ ಹೇಳಿದೆವು. ಅವರು ಮೇಜು ತಟ್ಟಿ ತಟ್ಟಿ ನಕ್ಕರು. ಆಮೇಲೆ ಫಾರಂ ನೋಡಿ, ಆ ಗೀಟು, ಆ 'ಪರವಾಗಿಲ್ಲ' ಏನೆಂದು ಕೇಳಿ ತಿಳಿದು, "ಯಾರಿವರು?" ಎಂದರು.

"ನಮ್ಮವ್ವ, ಸರ್" ಎಂದೆ. ಬೇಕಿದ್ದಕ್ಕಿಂತ ಜೋರಾಗಿಯೇ ಹೇಳಿರಬೇಕು, ಹೊರಗೆ ನಿಂತಿದ್ದವರು ಒಳಗೆ ಇಣುಕಿದರು. ಪ್ರೊಫೆಸರ್ ಬೈಂಡಾಗಿದ್ದ ವರದಿಯನ್ನು ತೆರೆದು, 'ಮಾರ್ಗದರ್ಶಕರು' ಎಂಬಲ್ಲಿ ತಮ್ಮ ಹೆಸರಿಗಿಂತ ಮೇಲೆ ಪೆನ್ನಿನಿಂದ ಅವ್ವನ ಹೆಸರು ಬರೆದರು. ಅಂಕಗಳು ಎಷ್ಟೆಂದು ಈಗ ಮರೆತಿದ್ದೇನೆ. ಆ ಪುಟ ಮಾತ್ರ ಕಣ್ಣು ಮುಚ್ಚಿದರೂ ಕಾಣುತ್ತದೆ.

ಈಗ ನಾನು ಮಡಕಶಿರದ ಕಾಲೇಜೊಂದರಲ್ಲಿ ಇದೇ ವಿಷಯ ಕಲಿಸುತ್ತೇನೆ. 'ಬಳಸುವವರನ್ನು ಕೇಳದೆ ಒಂದು ಸಾಲೂ ಬರೆಯಬೇಡಿ' ಎಂದು ವರ್ಷವರ್ಷವೂ ಗಂಟಲು ಹರಿಯುವಂತೆ ಹೇಳಿ, ಆ ಪ್ಯಾಂಟನ್ನು ತರಗತಿಯಲ್ಲಿ ಬಿಡಿಸಿ ತೋರಿಸುತ್ತೇನೆ. ಅದು ತೀರಾ ಸವೆದಿದೆಯೆಂದು ಮೊನ್ನೆ ಅವ್ವನಿಗೆ ಫೋನ್ ಮಾಡಿ, ಅಂಥದ್ದೇ ಎರಡು ಬಣ್ಣದ್ದು ಇನ್ನೊಂದು ಹೊಲಿದು ಕಳಿಸು, ನಾನೇ ಹಾಕಿಕೊಂಡು ತೋರಿಸುತ್ತೇನೆ ಎಂದೆ.

"ಸೊಂಟದ ಅಳತಿ?"

"ಅದೇ ಇಪ್ಪತ್ತೆಂಟು."

"ಟೇಪ್ ಹಿಡಿದು ನೋಡಿ ಹೇಳಾಕತ್ತೀಯೇನು?"

"ನನ್ನ ಸೊಂಟ ನನಗ ಗೊತ್ತಿಲ್ಲೇನವ್ವಾ!"

ಪ್ಯಾಂಟು ನಿನ್ನೆ ಬಸ್ಸಿನಲ್ಲಿ ಬಂತು. ಉಸಿರು ಬಿಗಿಹಿಡಿದು ಎಳೆದರೂ ಗುಂಡಿ ಹಾಕಲಾಗಲಿಲ್ಲ. ಜೇಬಿನಲ್ಲಿ ಅವ್ವನ ಕೈಬರಹದ ಚೀಟಿ ಇತ್ತು: 'ಒಳಗ ನಾಕಿಂಚು ಬಟ್ಟಿ ಮಡಚಿಟ್ಟೀನಿ. ಬಿಚ್ಚಿಕೋ.'