ಹಂಡೆಯಲ್ಲಿ ಬೆಂದ ಹೆಡ್ಡು

ಇದು ನಡೆದ ಕತೆ. ಸುಳ್ಳೆನಿಸಿದವರು ಸೊಲ್ಲಾಪುರದ ವಿಜಾಪುರ ರಸ್ತೆಗೆ ಹೋಗಿ ಯಾರನ್ನಾದರೂ ಕೇಳಬಹುದು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಬಾಯಿಬಿಟ್ಟು ನಗುತ್ತಾರೆ. ಅಷ್ಟು ಸಾಕ್ಷಿ ಸಾಕು. ಈ ಎಲ್ಲ ರಾದ್ಧಾಂತಕ್ಕೂ ಮೂಲ, ಬಟ್ಟೆ ಒಗೆಯುವ ಸಾಬೂನಿನ ಒಂದು ತುಂಡು.

ಅಮೃತಪ್ಪ ಸಾವಕಾರನಿಗೆ ಒಂದು ಚಾದರದ ಅಂಗಡಿಯಿತ್ತು, ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಓಡುವ ಒಂದು ಸರ್ವಿಸ್ ಮೋಟಾರಿತ್ತು. ಅಂಗಡಿ ಕೂತಲ್ಲೇ ಗಳಿಸುತ್ತಿತ್ತು. ಮೋಟಾರು ನಿಂತಲ್ಲೇ ನುಂಗುತ್ತಿತ್ತು. ಈ ಘಟನೆಗೆ ಒಂದು ವಾರ ಮೊದಲು ಅದರ ಹೆಡ್ಡು, ಅಂದರೆ ಇಂಜಿನ್ನಿನ ನೆತ್ತಿಯ ಮೇಲೆ ಮುಚ್ಚಳದಂತೆ ಕೂರುವ ಬೀಡುಕಬ್ಬಿಣದ ಭಾರಿ ಗಡ್ಡೆ, ಬಿಸಿಯೇರಿ ಸೀಳುಬಿಟ್ಟಿತ್ತು. ಸಾವಕಾರ ಅದನ್ನು ಎತ್ತಲೋ ದಾಟಿಸಿ, ಹಳೆಯ ಜುನಾ ಸಾಮಾನಿನ ವ್ಯಾಪಾರಿ ಹಣಮಂತಪ್ಪನಿಗೆ ಬೇರೊಂದು ಹುಡುಕಲು ಹೇಳಿದ್ದ. ಅವಸರ ಬಹಳವಿತ್ತು. ಎದುರುಮನೆಯ ಸಿದ್ದರಾಮಪ್ಪಕಾಕಾನ ಮಗನ ಮದುವೆ ಹತ್ತಿರವಿತ್ತು. ದಿಬ್ಬಣವನ್ನು ಅಕ್ಕಲಕೋಟಕ್ಕೆ ಒಯ್ಯುವುದು ತನ್ನ ಮೋಟಾರೇ ಎಂದು ಸಾವಕಾರ ಓಣಿಯ ತುಂಬ ಡಂಗುರ ಸಾರಿಬಿಟ್ಟಿದ್ದ.

ಮದುವೆಯ ಮುನ್ನಾದಿನ ಬೆಳಿಗ್ಗೆ ಹಣಮಂತಪ್ಪ ಕೈಗಾಡಿಯಲ್ಲಿ ಹೆಡ್ಡು ತಂದಿಳಿಸಿದ. ಮದುಮಗಳ ಹಾಗೆ ಮೈತುಂಬ ಕೆಂಪು ಬಣ್ಣ.

"ಕಣ್ಣ ಮುಚ್ಚಿ ತಗೋರಿ. ಮಿಠಾಯಿ ಇದ್ದಂಗ ಐತಿ," ಎಂದು ಮೂಗಿನಲ್ಲೇ ನುಡಿದು, ಒಂದು ಒಣಕೆಮ್ಮು ಕೆಮ್ಮಿ, ರೊಕ್ಕ ಬಗಲಿಗಿಟ್ಟು ಹೋದ. ಊರವರ ದನಿಯನ್ನೆಲ್ಲ ಅಣಕಿಸುವುದು ಅವನ ಚಟ. ಈ ದನಿ ಎಲ್ಲೋ ಕೇಳಿದಂತಿದೆ ಎಂದಷ್ಟೇ ಸಾವಕಾರನಿಗೆ ಅನಿಸಿತು.

ಮಿಸ್ತ್ರಿ ಭೀಮಣ್ಣ ಬಂದ. ಬಾಯಿತುಂಬ ತಂಬಾಕು, ಆದ್ದರಿಂದ ಅರ್ಧ ಮಾತು ಕೈಯಲ್ಲೇ.

"ಮೊದಲ ಸೋಡಾದ ನೀರಾಗ ಕುದಿಸಬೇಕ್ರಿ. ಎಣ್ಣಿ, ಮಸಿ ಎಲ್ಲಾ ಬಿಡತೈತಿ. ಹಂಡೆ ಐತೇನ್ರಿ ದೊಡ್ಡದು?"

ಹಂಡೆ ಇತ್ತು, ಸ್ನಾನದ್ದು. ಆದರೆ ಅದಕ್ಕೆ ಪಾರ್ವತಿಬಾಯಿಯ ಕಾವಲೂ ಇತ್ತು. ಯಾರದೋ ಮದುವೆಗೆ ಕೊಟ್ಟ ಚರಿಗೆಯೊಂದು ತಿರುಗಿ ಬಾರದೆ ಹೋದಂದಿನಿಂದ ಸಾವಕಾರನ ಈ ಹೆಂಡತಿ, ಹೆಸರು ಹಾಕುವವನನ್ನು ಅಂಗಳದಲ್ಲಿ ಕೂರಿಸಿಕೊಂಡು, ಕೊಡದಿಂದ ಚಮಚದವರೆಗೆ ಎಲ್ಲದರ ಮೇಲೂ ಚುಕ್ಕಿಚುಕ್ಕಿಯಾಗಿ ತನ್ನ ಹೆಸರು ಹೊಡೆಸಿದ್ದಳು.

"ನನ್ನ ಹಂಡೇದಾಗ ಮೋಟಾರ್ ಬೇಯಿಸ್ತೀರೇನ್ರಿ? ನಾಳಿ ಮದವ್ಯಾಗ ಮಂದಿ ನನ್ನ ಮೂಸಿ ನೋಡಿ, ಪೆಟ್ರೋಲ್ ಬಂಡಿ ಬಂತು ಅಂತ ದಾರಿ ಬಿಡಬೇಕೇನು?"

"ದಿಬ್ಬಣದ ಮಾನದ ಪ್ರಶ್ನೆ ಐತಿ, ಸುಮ್ನಿರು!" ಎಂದು ಸಾವಕಾರ ಹಂಡೆ ಕಿತ್ತುಕೊಂಡ.

ನೀರು ಕುದಿಯುತ್ತಿದ್ದಂತೆ ಮದುಮಗಳ ಬಣ್ಣ ಬಿಟ್ಟಿತು. ಆಮೇಲೆ ನೊರೆ ಬಂತು. ಸ್ವಲ್ಪವಲ್ಲ; ಹಂಡೆಯ ಕಂಠ ಮೀರಿ, ಒಲೆಯನ್ನು ಚೊಂಯ್ ಎನ್ನಿಸಿ, ಅಂಗಳ ದಾಟಿ, ಹೊಸ್ತಿಲಿಳಿದು ಓಣಿಗೆ ಹೊರಟಿತು.

"ಸಾವಕಾರ್ರ, ಸಾಬಾಣ ಹಾಕೀರೇನ್ರಿ?"

"ನಾ ಯಾಕ ಹಾಕ್ಲಿ? ಸೋಡಾ ಹಾಕಿದಾಂವ ನೀನು!"

"ಸೋಡಾ ಇಷ್ಟು ನಗೂದಿಲ್ರಿ. ಒಳಗ ಸೀಳೈತಿ. ಯಾರೋ ಪುಣ್ಯಾತ್ಮ ಅದು ಕಾಣಬಾರ್ದಂತ ಅದರಾಗ ಸಾಬಾಣ ತುರುಕಿ, ಕಾಡಿಗಿ ಬಳದಾನ."

ಮೀಸೆ ತಿರುವುತ್ತಿದ್ದ ಸಾವಕಾರನ ಕೈ ಅರೆಗಳಿಗೆ ನಿಂತಿತು. ಮರುಗಳಿಗೆ ಹೆಡ್ಡಿನಿಂದ ಇಳಿದ ಕೆಂಪೆಲ್ಲ ಅವನ ಮುಖಕ್ಕೇರಿತು.

"ಎಂಥಾ ಹಲ್ಕಟ್ ಮಂದೀರೀ ಇವರು! ಸಾಬಾಣ ಹಚ್ಚಿ ಮಾರ್ತಾರ! ತಗೊಂಡವನ ಗತಿ ಏನು ಅಂತ ಒಂದ ಸಲಾನೂ ಅನಸೂದಿಲ್ಲೇನು ಇವರಿಗೆ? ಧರಮ ಅನ್ನೋದು ಸತ್ತೋತೇನು?"

ಕೂಗಿಗೆ ಓಣಿ ನೆರೆಯಿತು. ಮದುವೆಯ ರುಮಾಲನ್ನು ಸುತ್ತಿ ನೋಡುತ್ತಿದ್ದ ಸಿದ್ದರಾಮಪ್ಪಕಾಕಾ ಅರ್ಧ ಸುತ್ತಿದಂತೆಯೇ ಓಡಿಬಂದ, ನೊರೆಯಲ್ಲಿ ಜಾರಿ, ಸಾವರಿಸಿಕೊಂಡ.

"ಏನೋ ಅಮೃತ್ಯಾ, ನನ್ನ ದಿಬ್ಬಣಾ ನೊರಿಮ್ಯಾಲ ತೇಲಿಸಿಕೋತ ಒಯ್ತೀಯೇನು?"

ಭೀಮಣ್ಣ ಹೆಡ್ಡನ್ನು ಹಗ್ಗಕ್ಕೆ ಬಿಗಿದು ತೊಲೆಗೆ ತೂಗುಹಾಕಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಗಟ್ಟಿ ಹೆಡ್ಡಾದರೆ ಗುಡಿಯ ಗಂಟೆಯಂತೆ ನುಡಿಯಬೇಕು. ಇದು ನೆಗಡಿಯಾದ ಎಮ್ಮೆಯಂತೆ 'ದೊಂಯ್' ಎಂದಿತು. ಓಣಿಯವರಿಗೆ ನಂಬಿಕೆಯಾಗಲಿಲ್ಲ. ಕುಂಬಾರನಲ್ಲಿ ಗಡಿಗೆ ಕೊಳ್ಳುವವರ ಹಾಗೆ ಒಬ್ಬೊಬ್ಬರೂ ಸುತ್ತಿಗೆ ಇಸಿದುಕೊಂಡು ಬಡಿದು, ಕಿವಿಯಿಟ್ಟು, ತಲೆಯಾಡಿಸಿ, ತಮ್ಮ ತಮ್ಮ ತೀರ್ಪು ಕೊಟ್ಟರು. ಪ್ರತಿ ಏಟಿಗೂ ಸಾವಕಾರನ ಎದೆಯೇ ದೊಂಯ್ ಎನ್ನುತ್ತಿತ್ತು.

"ಸೀಳು ಕಣ್ಣಿಗೆ ಕಾಣವಲ್ದಲ್ಲೋ," ಎಂದ ಕಾಕಾ.

"ತೋರಸ್ತೀನ್ರಿ. ಮೈತುಂಬ ಘಾಸ್ಲೇಟ್ ಎಣ್ಣಿ ಸವರಿ, ಚೊಕ್ಕ ಒರಸಿ, ಬಿಳಿ ಪುಡಿ ಉದರಸಬೇಕು. ಸೀಳಿನಾಗ ಕುಂತ ಎಣ್ಣಿ ತಾನ ಹೊರಗ ಬಂದು ಪುಡಿಮ್ಯಾಲ ಗೆರಿ ಬರೀತೈತಿ. ಸಾಲಿಯಿಂದ ಒಂದೀಟು ಖಡು ತರಸ್ರಿ."

ಸೀಮೆಸುಣ್ಣದ ಆ ಖಡು ಬರುವತನಕ ತಡೆಯುವ ಸ್ಥಿತಿಯಲ್ಲಿ ಸಾವಕಾರನಿರಲಿಲ್ಲ. ದೇವರಮನೆಗೆ ನುಗ್ಗಿ ವಿಭೂತಿಯ ಗಟ್ಟಿಗಳನ್ನೇ ತಂದು ಕಲ್ಲಿನಲ್ಲಿ ಕುಟ್ಟಿ ಪುಡಿಮಾಡಿದ. "ದೇವರೇ ಸಾಕ್ಷಿ ಹೇಳ್ಲಿ!"

ಭೀಮಣ್ಣ ಸೀಮೆಎಣ್ಣೆ ಸವರಿದ, ಒರೆಸಿದ, ಎರಡೂ ಮಗ್ಗುಲಿಗೆ ವಿಭೂತಿ ಉದುರಿಸಿದ. ಎಲ್ಲರೂ ಬಗ್ಗಿ ನೋಡಿದರು. ಬಿಳಿಯ ಮೇಲೆ ಕಪ್ಪು ಎಳೆಯೊಂದು ಮೆಲ್ಲಗೆ ಮೂಡಿ, ಹಾವಿನಂತೆ ಹರಿದು ಅಂಚಿಗೆ ಮುಟ್ಟಿತು.

ಅಷ್ಟರಲ್ಲಿ ಯಾರೋ ಹಣಮಂತಪ್ಪನನ್ನು ಎಳೆದುತಂದಿದ್ದರು. ಅವನು ಬೀಗರ ಮನೆಗೆ ಬಂದವನಂತೆ ನಗುತ್ತ ನಿಂತ. ಸಾವಕಾರ ಕಟ್ಟೆಯೇರಿದ.

"ಕೇಳ್ರಿ ಎಲ್ಲಾರೂ! ಈ ಸಾಬಾಣ ತುರುಕಿದಾಂವ ಯಾವನೇ ಇರ್ಲಿ, ಈ ಹೆಡ್ಡು ತಲಿಮ್ಯಾಲ ಹೊತ್ಗೊಂಡು, ಬರಿಗಾಲಲೆ ಮೋಟಾರ್ ಸ್ಟ್ಯಾಂಡ್ ತನಕ ನಡೀಬೇಕು! ಅವನ ಹಿಂದ ಇಡೀ ಓಣಿ ನಡೀಬೇಕು! ಒಪ್ಪಿಗಿ ಐತೋ ಇಲ್ಲೋ?"

"ಐತಿ!" ಎಂದಿತು ಓಣಿ. "ಠರಾವ್ ಪಾಸ್," ಎಂದ ಕಾಕಾ.

"ನಂದೂ ಒಪ್ಪಿಗಿ," ಎಂದ ಹಣಮಂತಪ್ಪ. "ಮಾಡಿದವನ ಹೆಸರ ಹೇಳ್ಲೇನ್ರಿ?"

"ತಡೀರಿ," ಎಂದ ಭೀಮಣ್ಣ. ಮತ್ತೊಂದು ಸೀಳು ಇದೆಯೇ ಎಂದು ನೋಡಲು ಹೆಡ್ಡನ್ನು ಹೊರಳಿಸಿದವನು ಮೊದಲ ಬಾರಿಗೆ ತಂಬಾಕು ಉಗುಳಿದ. "ಹೆಡ್ಡೇ ಹೇಳಾಕತ್ತೈತಿ."

ಈ ಮಗ್ಗುಲಲ್ಲಿ ಎಣ್ಣೆ ಗೆರೆಯಾಗಿ ಬಂದಿರಲಿಲ್ಲ. ಚುಕ್ಕಿಚುಕ್ಕಿಯಾಗಿ ಒಸರಿ ಅಕ್ಷರವಾಗುತ್ತಿತ್ತು. ಕಾಕಾ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದ: "ಪಾ...ರ್ವ...ತಿ...ಬಾಯಿ... ಅಮೃತಪ್ಪ... ಸೊಲ್ಲಾಪುರ."

ತನ್ನ ಹೆಸರು ಕೇಳಿ ಪಾರ್ವತಿಬಾಯಿ ಮುಂದೆ ನುಗ್ಗಿದಳು.

"ಅಯ್ಯ, ನಮ್ಮದ ಅಲ್ಲೇನ್ರೀ ಇದು! ಹೋದ ಶ್ರಾವಣದಾಗ ನೀವು ಬಿಚ್ಚಿ ಅಂಗಳದಾಗ ಇಟ್ಟಿದ್ರಿ. ಹೆಸರು ಹಾಕೋನು ಬಂದಿದ್ದ. ಭಾಂಡಿ ಸಂಗಟ ಇದಕ್ಕೂ ಹೊಡಿಸಿದ್ದೆ. ನೋಡ್ರಿ ಮತ್ತ, ಹೆಸರ ಇದ್ದದ್ದಕ್ಕ ಮನಿಗಿ ತಿರುಗಿ ಬಂತು!"

ಹಣಮಂತಪ್ಪ ಮೂಗು ಬಿಗಿಹಿಡಿದು, ಒಣಕೆಮ್ಮು ಕೆಮ್ಮಿದ. ಈಗ ಆ ದನಿ ಯಾರದೆಂದು ಇಡೀ ಓಣಿಗೆ ತಿಳಿಯಿತು, ಸಾವಕಾರನಿಗೂ.

"'ಕಣ್ಣ ಮುಚ್ಚಿ ತಗೋ ಬೀರಣ್ಣ, ಮಿಠಾಯಿ ಇದ್ದಂಗ ಐತಿ.' ಹಿಂಗಂತ ಹೇಳಿ ಅಕ್ಕಲಕೋಟದ ಬೀರಣ್ಣಗ ಮಾರಿದ್ರಿಲ್ರಿ? ಮೊದಲನೇ ಖೇಪಿಗೇ ಅವನ ಮೋಟಾರು ನಡುದಾರ್ಯಾಗ ನೀರ ಉಗುಳಿ ನಿಂತಿತು. ಅವನ ಕಡಿಂದ ತಂದು ನಾ ಬರೇ ಬಣ್ಣಾ ಹಚ್ಚೀನ್ರಿ ಸಾವಕಾರ್ರ. ಸಾಬಾಣ ನಿಮ್ಮದು. ನೀವು ಕೊಟ್ಟ ರೊಕ್ಕದಾಗ ಬೀರಣ್ಣ ಛಲೋ ಹೆಡ್ಡು ಕೊಂಡು ಈಗ ಸ್ಟ್ಯಾಂಡಿನಾಗ ಕೂಡಿಸಾಕತ್ತಾನ."

ಸಿದ್ದರಾಮಪ್ಪಕಾಕಾ ಅರ್ಧ ರುಮಾಲನ್ನು ಪೂರ್ತಿ ಸುತ್ತಿಕೊಂಡ. "ಹಂಗಾದ್ರ ನನ್ನ ದಿಬ್ಬಣ ಬೀರಣ್ಣನ ಮೋಟಾರಿನಾಗ. ಅಮೃತ್ಯಾ, ಹೆಂಗೂ ಹೊತ್ಗೊಂಡು ಆ ಕಡೀಗೇ ಹೊಂಟೀದಿ. ನಾಳಿ ನಸುಕಿನ್ಯಾಗ ಬಾ ಅಂತ ಅವಗ ನೀನ ಹೇಳಿಬಿಡು."

ಪಾರ್ವತಿಬಾಯಿ ಸೀರೆಯ ತುಂಡಿನಿಂದ ಸಿಂಬೆ ಮಾಡಿ ಗಂಡನ ನೆತ್ತಿಗಿಟ್ಟಳು. "ಹುಷಾರಲೆ ತರ್ರಿ ತಿರುಗಿ. ನನ್ನ ಹೆಸರೈತಿ ಅದರಮ್ಯಾಲ."

ಮೆರವಣಿಗೆ ಹೊರಟಿತು. ಸಾವಕಾರನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಯಾರ ಮೇಲೆ ಹಾಕಬೇಕೆಂಬುದು ಮಾತ್ರ ತಿಳಿಯದಾಗಿತ್ತು. ವಿಭೂತಿ ಉದುರಿ ಮೀಸೆ ಬೆಳ್ಳಗಾಗಿತ್ತು. ರಸ್ತೆಯ ತಿರುವಿನಲ್ಲಿ ಮೊಸರು ಮಾರುವ ಮುದುಕಿಯೊಬ್ಬಳು ಗಡಿಗೆ ಇಳಿಸಿ ಎದ್ದುನಿಂತಳು.

"ಯಾವ ದೇವರೋ ಯಪ್ಪಾ ಇದು?"

"ಪಾರ್ವತಿಬಾಯಿ, ಆಯೀ," ಎಂದ ಹಣಮಂತಪ್ಪ ಗಂಭೀರವಾಗಿ. "ಭಾಳ ಜಾಗೃತ. ಎಲ್ಲಿ ಬಿಟ್ಟು ಬಂದ್ರೂ ಮನಿಗಿ ತಿರುಗಿ ಬರ್ತಾಳ."

ಮುದುಕಿ ಭಕ್ತಿಯಿಂದ ಬಗ್ಗಿ ಸಾವಕಾರನ ಬರಿಗಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟು ಹಂಡೆಯ ನೊರೆಯ ಹಾಗೆ ಒಮ್ಮೆಲೇ ಕಂಠ ಮೀರಿ ಉಕ್ಕಿತು. ಹೊರಗೆ ಬಂದಾಗ ಅದು ನಗುವಾಗಿತ್ತು. ಓಣಿಯೂ ನಕ್ಕಿತು, ರಸ್ತೆಯೂ ನಕ್ಕಿತು. ಎಲ್ಲಕ್ಕಿಂತ ದೊಡ್ಡ ನಗು ಬಂದದ್ದು ಹೆಡ್ಡಿನ ಕೆಳಗಿನಿಂದ.